ಕೊನೆಯ ಓಟದ ಹಿಂದಿನ ರಾತ್ರಿ ಮನೆಗೆ ಹೋಗದವರಿಗೆ

ಶನಿವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ನಮ್ಮ ಸ್ಟೀಮ್ ಇಂಜಿನ್ ಶೆಡ್ಡಿಗೆ ವಾಪಸ್ ಬಂತು. ಬೆಂಕಿಯನ್ನು ತಾನಾಗಿ ಆರಲು ಬಿಟ್ಟೆವು. ಭಾನುವಾರ ಮಧ್ಯಾಹ್ನ ಹೋಗಿ ಬಾಯ್ಲರಿನ ತಗಡಿನ ಮೇಲೆ ಕೈ ಇಟ್ಟೆ, ಇನ್ನೂ ಬೆಚ್ಚಗಿತ್ತು. ಮಂಗಳವಾರದ ಹೊತ್ತಿಗೆ ಪೂರ್ತಿ ತಣ್ಣಗಾಗಿತ್ತು. ಅಲ್ಲಿಯವರೆಗೆ ಏನೂ ಬರೆಯಲು ಮನಸ್ಸಾಗಲಿಲ್ಲ.

ಮೇನ್ ಲೈನಿನ ಮೇಲೆ ಅದರ ಓಟ ಈ ಸರದಿಗೆ ಮುಗಿಯಿತು. ಖರ್ಚು, ರಿಪೇರಿ, ಹಣ ಕೂಡಿಸಿದ್ದು, ಇದೆಲ್ಲ ಇಷ್ಟು ವರ್ಷ ಜೊತೆಗಿದ್ದ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಹೊಸಬರಿಗೆ ಇಷ್ಟು ಸಾಕು: ಬ್ರಿಟನ್ನಿನಲ್ಲಿ ಹೀಗೆ ಉಳಿಸಿಕೊಂಡ ಸ್ಟೀಮ್ ಇಂಜಿನ್ನುಗಳ ಬಾಯ್ಲರ್ ಸರ್ಟಿಫಿಕೇಟು ಸಾಮಾನ್ಯವಾಗಿ 10 ವರ್ಷದ್ದು. ಅವಧಿ ಮುಗಿದರೆ ಇಂಜಿನ್ ಬಿಚ್ಚಿ, ಬಾಯ್ಲರ್ ಎತ್ತಿ, ಒಳಗಿನ ಕೊಳವೆಗಳನ್ನು ಕಿತ್ತು, ಎಲ್ಲ ಪರೀಕ್ಷೆ ಮಾಡಿಸಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ. ನಮ್ಮದು ಬ್ಲ್ಯಾಕ್ ಫೈವ್ ಅನ್ನುವ ಮಾದರಿ, ಇಂಜಿನಿಯರ್ ವಿಲಿಯಂ ಸ್ಟಾನಿಯರ್ ಅವರ ವಿನ್ಯಾಸ. 1934ರಿಂದ 1951ರವರೆಗೆ ಇಂಥ 842 ಇಂಜಿನ್ನುಗಳನ್ನು ಕಟ್ಟಿದ್ದರು. ಇವತ್ತು ಉಳಿದಿರುವುದು 18.

ಶನಿವಾರ ಓಡಿಸಿದ ಡ್ರೈವರ್ ಮತ್ತು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್, ನಮ್ಮ ಸಿಬ್ಬಂದಿಯ ಬೋಗಿಯಾದ ಸಪೋರ್ಟ್ ಕೋಚಿನಲ್ಲಿ ಜೊತೆಗಿದ್ದವರು, ಟಿಕೆಟ್ ತೆಗೆದುಕೊಂಡು ಬಂದವರು, ಮಳೆಯಲ್ಲೂ ಸೇತುವೆಗಳ ಮೇಲೆ ಮಕ್ಕಳನ್ನು ಎತ್ತಿಕೊಂಡು ನಿಂತವರು, ತಿಂಗಳು ತಿಂಗಳು ತಪ್ಪದೆ ಹಣ ಕಳಿಸಿದವರು, ಎಲ್ಲರಿಗೂ ಮನಸಾರೆ ಧನ್ಯವಾದ.

ಆದರೆ ಇದನ್ನು ಬರೆಯಲು ಕೂತದ್ದು ಒಬ್ಬರ ಸಲುವಾಗಿ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಶೆಡ್ಡಿಗೆ ಬಂದುಹೋಗುವವರಿಗೆಲ್ಲ ಯಾರು ಅಂತ ಗೊತ್ತಾಗುತ್ತದೆ.

ಶುಕ್ರವಾರ ರಾತ್ರಿ ಒಂಬತ್ತೂವರೆ ಇರಬೇಕು. ಬೆಂಕಿ ಹಾಕಿ ಒಂದು ದಿನ ದಾಟಿತ್ತು, ಬಾಯ್ಲರಿನ ಒತ್ತಡ ನಿಧಾನಕ್ಕೆ ಏರಿ ಚದರ ಇಂಚಿಗೆ 120 ಪೌಂಡಿಗೆ ಬಂದಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಶೆಡ್ ಬಿಡಬೇಕು. ಇಂಜೆಕ್ಟರ್ ಎರಡನ್ನೂ ಒಮ್ಮೆ ಹಚ್ಚಿ ನೋಡೋಣ ಅಂತ ಶುರು ಮಾಡಿದೆ. ಒಂದು ತಕ್ಷಣ ಹಿಡಿಯಿತು. ಇನ್ನೊಂದು ಹಿಡಿಯಲೇ ಇಲ್ಲ. ನೀರು ಬಾಯ್ಲರಿಗೆ ಹೋಗುವ ಬದಲು ಕೆಳಗಿನ ಪೈಪಿನಿಂದ ಆವಿಯ ಜೊತೆ ಬುಸ್ ಅಂತ ಹೊರಗೆ ಬರುತ್ತಿತ್ತು. ಮತ್ತೆ ಹಚ್ಚಿದೆ, ಮತ್ತೆ ಅದೇ.

ಬಾಯ್ಲರಿಗೆ ನೀರು ತುಂಬುವುದು ಇಂಜೆಕ್ಟರೇ. ಒಳಗೆ ಪಂಪಿನ ಹಾಗೆ ತಿರುಗುವುದು ಏನೂ ಇಲ್ಲ, ಸಣ್ಣ ಆಲಿಕೆಗಳಂಥ ಲೋಹದ ಕೋನುಗಳು ಅಷ್ಟೇ. ಆವಿ ಅವುಗಳ ಮೂಲಕ ನುಗ್ಗಿ, ಎದುರು ಬಂದ ತಣ್ಣೀರನ್ನು ಎಳೆದುಕೊಂಡು, ಬಾಯ್ಲರಿನೊಳಗಿನ ಒತ್ತಡವನ್ನೇ ಮೀರಿ ನೀರನ್ನು ಒಳಗೆ ತಳ್ಳುತ್ತದೆ. ಎರಡೂ ಸರಿಯಿರಬೇಕು. ಒಂದು ದಾರಿಯಲ್ಲಿ ಕೈಕೊಟ್ಟರೆ ಇನ್ನೊಂದು ಬೇಕು, ಯಾಕೆಂದರೆ ನೀರು ಇಳಿದು ಬೆಂಕಿ ಉರಿಯುವ ಫೈರ್‌ಬಾಕ್ಸಿನ ನೆತ್ತಿ ಒಣಗಿದರೆ ಅಲ್ಲಿರುವ ಸೀಸದ ಬಿರಡೆ ಕರಗುತ್ತದೆ, ಅಲ್ಲಿಗೆ ಪ್ರಯಾಣ ಮುಗಿಯಿತು. ಒಂದೇ ಇಂಜೆಕ್ಟರ್ ಇಟ್ಟುಕೊಂಡು ಹೊರಡುವ ಮಾತೇ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಸಲ ಬಾಯ್ಲರ್ ತೊಳೆದಾಗ ಆ ಕೋನುಗಳನ್ನು ತೆಗೆದು ನೋಡುವ ಕೆಲಸ ನನ್ನದಾಗಿತ್ತು. ಒಂದನ್ನು ತೆಗೆದೆ, ಚೆನ್ನಾಗಿತ್ತು. ಇನ್ನೊಂದೂ ಹಾಗೇ ಇರುತ್ತೆ ಅಂದುಕೊಂಡು ಬಿಟ್ಟೆ. ನೂರಾರು ಜನ ಟಿಕೆಟ್ ತೆಗೆದುಕೊಂಡ ಕೊನೆಯ ಓಟ, ನನ್ನ ಆ ಅರ್ಧ ಗಂಟೆಯ ಸೋಮಾರಿತನಕ್ಕೆ ರದ್ದಾಗುವುದರಲ್ಲಿತ್ತು.

ಮೊದಲು ಹೇಳಿದೆನಲ್ಲ, ಆ ಒಬ್ಬರಿಗೆ ಫೋನ್ ಮಾಡಿದೆ. ಸಂಜೆ ಏಳರವರೆಗೆ ಶೆಡ್ಡಿನಲ್ಲೇ ಇದ್ದು ಮನೆಗೆ ಹೋಗಿದ್ದರು, ಮಲಗಿದ್ದರು. ಹತ್ತೂ ಕಾಲಿಗೆ ಪೈಜಾಮದ ಮೇಲೇ ಓವರ್‌ಆಲ್ ಹಾಕಿಕೊಂಡು ಬಂದರು. ಏನಾಯ್ತು ಅಂತ ಕೇಳಲಿಲ್ಲ. ಇನ್ನೊಮ್ಮೆ ಹಚ್ಚು ಅಂದರು. ಬಗ್ಗಿ ನಿಂತು ಆ ಸದ್ದನ್ನು ಕೇಳಿದರು. ಒಂದು ಸಲ, ಎರಡು ಸಲ. ಆಮೇಲೆ, "ಕೋನಿನಲ್ಲಿ ಏನೋ ಸಿಕ್ಕಿದೆ. ನೀನು ಬೆಂಕಿ ನೋಡ್ಕೋ, ನಾನು ಇದನ್ನ ನೋಡ್ತೀನಿ" ಅಂದರು.

74 ವರ್ಷದ ಮನುಷ್ಯ ಇಂಜಿನ್ನಿನ ಕೆಳಗಿನ ಗುಂಡಿಗೆ ಇಳಿದರು. ಆವಿಯ ವಾಲ್ವು, ನೀರಿನ ವಾಲ್ವು ಎರಡೂ ಮುಚ್ಚಿಸಿ, ಸುಡುವ ಇಂಜೆಕ್ಟರಿನ ಮೇಲೆ ತಣ್ಣೀರು ಸುರಿದು ಸುರಿದು ಆರಿಸಿ, ನಟ್ಟು ಸಡಿಲಿಸಲು ಮುಕ್ಕಾಲು ಗಂಟೆ ಒದ್ದಾಡಿದರು. ನಾನು ಲೈಟ್ ಹಿಡಿದುಕೊಂಡಿದ್ದೆ. ಕೋನು ಹೊರಗೆ ಬಂದಾಗ ಅದರ ಬಾಯಿಗೆ ಅಡ್ಡವಾಗಿ ಒಂದು ಬಿಳಿ ಚೂರು ಸಿಕ್ಕಿಕೊಂಡಿತ್ತು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದ ಪದರ ಕಟ್ಟುತ್ತದಲ್ವಾ, ಅದೇ. ಕಿರುಬೆರಳಿನ ಉಗುರಿನಷ್ಟಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಅದನ್ನು ನೋಡಬೇಕಾಗಿದ್ದವರು ಯಾರು ಅಂತ ಅವರಿಗೆ ಗೊತ್ತಿತ್ತು, ಕೆಲಸದ ಹಾಳೆ ಅಲ್ಲೇ ಗೋಡೆಯ ಮೇಲೆ ನೇತಾಡುತ್ತಿತ್ತು. ಒಂದು ಮಾತೂ ಆಡಲಿಲ್ಲ. ಅವತ್ತೂ ಇಲ್ಲ, ಇವತ್ತಿನವರೆಗೂ ಇಲ್ಲ.

ಉಳಿದ ಪದರ ಬಿಡಲಿ ಅಂತ ಕೋನುಗಳನ್ನು ಆ್ಯಸಿಡ್ ನೀರಿನ ಬಕೆಟ್ಟಿಗೆ ಹಾಕಿ ಕಾಯುತ್ತಾ ಕೂತೆವು. ಚುಯ್ ಅಂತ ಸಣ್ಣಗೆ ನೊರೆ ಏಳುತ್ತಿತ್ತು. ಆಗ ಅವರು 1968ರ ಆಗಸ್ಟ್ 11ರ ಮಾತು ತೆಗೆದರು. ಬ್ರಿಟಿಷ್ ರೈಲಿನವರು ಮೇನ್ ಲೈನಿನ ಮೇಲೆ ತಮ್ಮ ಕೊನೆಯ ಸ್ಟೀಮ್ ರೈಲನ್ನು ಲಿವರ್‌ಪೂಲಿನಿಂದ ಕಾರ್ಲೈಲಿಗೆ ಓಡಿಸಿದ ದಿನ. ಟಿಕೆಟ್ಟಿಗೆ 15 ಗಿನಿ, ಅಂದರೆ ಹದಿನೈದು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಇವರಿಗೆ ಆಗ 17, ಶೆಡ್ಡಿನಲ್ಲಿ ಇಂಜಿನ್ ಒರೆಸುವ ಕೆಲಸ, ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಆ ದಾರಿಯಲ್ಲಿರುವ ಏಯ್ಸ್ ಗಿಲ್ ದಿಬ್ಬದ ಮೇಲೆ ಜನರ ಮಧ್ಯೆ ನಿಂತು ನೋಡಿದರಂತೆ. ಮಾರನೇ ದಿನದಿಂದ ಬ್ರಿಟಿಷ್ ರೈಲಿನ ಮೇನ್ ಲೈನುಗಳ ಮೇಲೆ ಸ್ಟೀಮ್ ಇಂಜಿನ್ನಿಗೆ ನಿಷೇಧ, 1971ರವರೆಗೆ. "ಅವತ್ತು ಎಲ್ಲ ಮುಗೀತು ಅಂದುಕೊಂಡಿದ್ದೆ" ಅಂದರು. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಇದು ಮತ್ತೆ ಓಡೋ ಹೊತ್ತಿಗೆ ನನಗೆ ಎಂಬತ್ತು ದಾಟಿರುತ್ತೆ" ಅಂದರು. ಅಂದವರೇ ಎದ್ದು ಬಕೆಟ್ಟಿನಲ್ಲಿ ಕೋನು ತಿರುವಿ ಹಾಕಿದರು.

ಬೆಂಕಿ ನೋಡಿ ಬರುತ್ತೇನೆ ಅಂತ ಹೇಳಿ ನಾನು ಕ್ಯಾಬ್ ಹತ್ತಿದೆ. ಬೆಂಕಿಗೆ ಏನೂ ಬೇಕಿರಲಿಲ್ಲ. ಬಾಗಿಲು ತೆರೆದು ಅದರ ಮುಂದೆ ನಿಂತು ಅತ್ತೆ. ಇಂಜಿನ್ನಿಗೋಸ್ಕರ ಅಲ್ಲ. ಇಂಜಿನ್ ವಾಪಸ್ ಬರುತ್ತದೆ, ದುಡ್ಡು ಕೂಡಿದರೆ, ಜನ ಇದ್ದರೆ ಅದನ್ನು ಮತ್ತೆ ಓಡಿಸಬಹುದು. ಅವರಿಗೆ ಅದನ್ನು ಇನ್ನೊಮ್ಮೆ ತೋರಿಸುತ್ತೇವೋ ಇಲ್ಲವೋ ಅನ್ನುವುದು ನಮ್ಮ ಕೈಯಲ್ಲಿ ಮಾತ್ರ ಇಲ್ಲ, ಅಲ್ವಾ. ಇನ್ನೂ ಅದನ್ನೇ ಯೋಚಿಸುತ್ತಿದ್ದೇನೆ.

ಮೂರು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಜೋಡಿಸಿ ನೀರು ಬಿಟ್ಟು, ಆವಿ ಬಿಟ್ಟೆವು. ಮೊದಲು ಗೊರಗೊರ ಅಂತು. ಆಮೇಲೆ ಗುಂಯ್ ಅನ್ನುವ ಒಂದೇ ಸಮನಾದ ಸದ್ದು. ಕೆಳಗಿನ ಪೈಪಿನಿಂದ ನೀರು ಬೀಳುವುದು ನಿಂತಿತು. ಅವರು ಪೈಪಿನ ತುದಿಯನ್ನು ಬೆರಳಿನಿಂದ ಒರೆಸಿ, ಮತ್ತೆ ಹನಿ ಬರುತ್ತದಾ ಅಂತ ಟಾರ್ಚ್ ಹಿಡಿದು ಕಾದರು. ಬರಲಿಲ್ಲ.

ನಾಲ್ಕೂವರೆಗೆ ಸರಿಯಾಗಿ ಹೊರಟೆವು.

ಓಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಫೋಟೋ ವಿಡಿಯೋ ಎಲ್ಲರ ಹತ್ತಿರವೂ ಇವೆ. ಸೆಟಲ್ ಊರಿಗೆ ಸ್ವಲ್ಪ ಮೊದಲು, ಸೆಟಲ್ ಜಂಕ್ಷನ್ನಿನಿಂದ ಶುರುವಾಗುವ ನೂರಕ್ಕೆ ಒಂದರ ಏರು, ಇಂಜಿನ್ ಸಿಬ್ಬಂದಿ ಲಾಂಗ್ ಡ್ರ್ಯಾಗ್ ಅಂತ ಕರೆಯುವ ಸುಮಾರು 15 ಮೈಲಿ, ಅದನ್ನು ನಮ್ಮ ಇಂಜಿನ್ ಎಲ್ಲೂ ಉಸಿರು ಬಿಡದೆ ಏರಿತು. ಚಿಮಣಿಯ ಸದ್ದು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು. ರಿಬಲ್‌ಹೆಡ್ ಸೇತುವೆಯ 24 ಕಮಾನುಗಳ ಮೇಲೆ ನಾವು ಹೋಗುವಾಗ ಕೆಳಗೆ ಬಯಲಿನ ತುಂಬ ಜನ. ರಾತ್ರಿಯೆಲ್ಲ ದುಡಿದ ನಮ್ಮ ಹಿರಿಯರು ಮಾತ್ರ ಸಪೋರ್ಟ್ ಕೋಚಿನಲ್ಲಿ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದರು, ಕೈಗೆ ಇನ್ನೂ ಗ್ರೀಸ್ ಮೆತ್ತಿತ್ತು. ಎಬ್ಬಿಸಲು ಎರಡು ಸಲ ಹೋದೆ, ಎರಡು ಸಲವೂ ವಾಪಸ್ ಬಂದೆ. ಎಬ್ಬಿಸಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಆ್ಯಪಲ್‌ಬಿಯಲ್ಲಿ ನೀರಿಗೆ ನಿಂತಾಗ ತಾವಾಗಿಯೇ ಎದ್ದು ಇಳಿದರು. ನೀರು, ಕಲ್ಲಿದ್ದಲು ಹೊರುವ ಟೆಂಡರಿಗೆ ನೀರಿನ ಪೈಪ್ ಹಾಕಿ ನಾವು ಕಾಯುತ್ತಿದ್ದೆವು. ಫೈರ್‌ಮನ್ ಇಂಜೆಕ್ಟರ್ ಹಚ್ಚಿದ. ರಾತ್ರಿ ನಾವು ಬಿಚ್ಚಿದ್ದೇ ಅದು. ಪ್ಲಾಟ್‌ಫಾರ್ಮಿನ ಮೇಲೆ ಅಷ್ಟೊಂದು ಜನ ಇಂಜಿನ್ನಿನ ಮುಖದ ಫೋಟೋ ತೆಗೆಯುತ್ತಿದ್ದರೆ ಇವರು ಕ್ಯಾಬಿನ ಹತ್ತಿರ ಮಂಡಿಯ ಮೇಲೆ ಕೈ ಊರಿ ಬಗ್ಗಿ, ಆ ಪೈಪಿನ ತುದಿಯನ್ನೇ ನೋಡುತ್ತಿದ್ದರು. ಒಣಗಿತ್ತು. ನನ್ನ ಕಡೆ ತಿರುಗಿ ತಲೆ ಆಡಿಸಿದರು.

ಸರ್, ನೀವು ಕನ್ನಡ ಓದುವುದಿಲ್ಲ. ಇದನ್ನು ನಿಮಗೆ ಓದಿ ಹೇಳುತ್ತೇನೆ, ಅಷ್ಟೆಲ್ಲ ಬರೆಯುವ ಅಗತ್ಯ ಇರಲಿಲ್ಲ ಅನ್ನುತ್ತೀರಿ, ಅದೂ ಗೊತ್ತು. ಆ ರಾತ್ರಿ ನೀವು ನನಗೆ ಬೈದಿದ್ದರೆ ಅಲ್ಲಿಗೆ ಹಗುರಾಗುತ್ತಿದ್ದೆನೇನೋ. ನೀವು ಬೈಯದೆ ಗುಂಡಿಗೆ ಇಳಿದಿರಿ. ಅದಕ್ಕೆ ಏನು ಹೇಳಬೇಕೋ ತಿಳಿಯದೆ ಇಷ್ಟುದ್ದ ಬರೆದೆ. ಥ್ಯಾಂಕ್ಸ್ ಸರ್.

ಬರುವ ಶನಿವಾರ ತಗಡು ಬಿಚ್ಚುವ ಕೆಲಸ ಶುರು. ಬರುವವರು ಗ್ಲೌಸ್ ತನ್ನಿ. ಅವರು ಒಂಬತ್ತಕ್ಕೆ ಬರುತ್ತೇನೆ ಅಂದಿದ್ದಾರೆ, ನಾನು ಎಂಟೂವರೆಗೇ ಹೋಗಿ ಟೀಗೆ ನೀರು ಇಟ್ಟಿರುತ್ತೇನೆ.