ಮೊದಲ ಕೀಮೋಗೆ ಮುಂಚೆ ಒಂದು ಮಾತು ಹೇಳಿ

ಮಾನ್ಯ ಸಂಪಾದಕರೇ,

ಸಾರಿಗೆ ಬಸ್ಸಿನಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತನಾದವನು ನಾನು. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ. ಮನೆಯೊಳಗಿನ ವಿಷಯ, ಊರಿಗೆಲ್ಲ ಹೇಗೆ ಹೇಳುವುದು ಅಂತ. ಆದರೆ ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದರಿಂದಲೇ ನಮಗೆ ಹೀಗಾಯಿತು.

2016ರಲ್ಲಿ ನನ್ನ ಮಗನಿಗೆ ಮೊಣಕಾಲಿನ ಮೇಲೆ ಊತ ಬಂತು. ವಾಲಿಬಾಲ್ ಆಡುವಾಗ ಪೆಟ್ಟು ಬಿದ್ದಿರಬೇಕು ಅಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿದೆವು. ಬಯಾಪ್ಸಿಯಲ್ಲಿ ಯೂಯಿಂಗ್ ಸಾರ್ಕೋಮಾ ಅಂತ ಬಂತು. ಮೂಳೆ ಕ್ಯಾನ್ಸರ್. ಅವನಿಗೆ ಆಗ 19 ವರ್ಷ. ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. 14 ಸೈಕಲ್ ಕೀಮೋ, ನಡುವೆ ಆಪರೇಷನ್. ಕೆಂಪು ಬಣ್ಣದ ಔಷಧಿ ಹತ್ತಿದ ದಿನ ಅವನ ಮೂತ್ರವೂ ಕೆಂಪಾಗುತ್ತಿತ್ತು, ನೋಡಿ ನನ್ನ ಹೆಂಡತಿ ಅಳುತ್ತಿದ್ದಳು. ಡಾಕ್ಟರು ಮಗನ ಜೀವ ಉಳಿಸಿದರು, ಕಾಲನ್ನೂ ಉಳಿಸಿದರು. ಅವರ ಋಣ ತೀರಿಸಲು ನಮ್ಮಿಂದ ಆಗದು.

ಈಗ ಅವನು ಕೆಲಸದಲ್ಲಿದ್ದಾನೆ. ಕಳೆದ ವರ್ಷ ಕಡೂರು ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಗೆ ಮೋಸ ಆಗಬಾರದು, ಮೊದಲು ಒಂದು ಟೆಸ್ಟ್ ಮಾಡಿಸುತ್ತೇನೆ ಅಂದ. ಯಾವ ಟೆಸ್ಟ್ ಅಂತ ನನಗೆ ಅರ್ಥವಾಗಲಿಲ್ಲ. ರಿಪೋರ್ಟಿನಲ್ಲಿ ವೀರ್ಯಾಣುಗಳ ಸಂಖ್ಯೆ ಇರಬೇಕಾದ ಕಡೆ ಒಂದೇ ಪದ ಇತ್ತು: ನಿಲ್. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದ. ಮತ್ತೆ ಅದೇ.

ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದ, "ಅಪ್ಪಾ, ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಆದರೂ ಎದ್ದು ಹೋಗಿ ಬೀರುವಿನಲ್ಲಿದ್ದ ನೀಲಿ ಪ್ಲಾಸ್ಟಿಕ್ ಚೀಲ ತೆಗೆದೆ. ಎಕ್ಸ್‌ರೇ, ಸ್ಕ್ಯಾನ್, ಬಿಲ್ಲುಗಳ ನಡುವೆ ಒಪ್ಪಿಗೆ ಪತ್ರ ಸಿಕ್ಕಿತು. ಎಂಟು ಪುಟ, ಎಲ್ಲ ಇಂಗ್ಲಿಷಿನಲ್ಲಿ. ಆರನೇ ಪುಟವನ್ನು ಮಗನೇ ಓದಿ ಹೇಳಿದ. ಕೂದಲು ಉದುರಬಹುದು, ಬಾಯಿಹುಣ್ಣು ಆಗಬಹುದು, ಇನ್‌ಫರ್ಟಿಲಿಟಿ, ಅಂದರೆ ಬಂಜೆತನ, ಆಗಬಹುದು. ಮೂರೂ ಒಂದೇ ಸಾಲಿನಲ್ಲಿ. ಕೂದಲು ಮತ್ತೆ ಬಂತು, ಹುಣ್ಣು ವಾಸಿಯಾಯಿತು. ಪುಟದ ಕೆಳಗೆ ನನ್ನ ಸಹಿ ಇತ್ತು.

ಸಹಿ ಹಾಕಿದ ಮೇಲೆ ಕೀಮೋ ಶುರುವಾಗಲು ಐದು ದಿನ ಇತ್ತು. ಆಸ್ಪತ್ರೆ ಹತ್ತಿರದ ಲಾಡ್ಜಿನಲ್ಲಿ ಸುಮ್ನೆ ಕೂತಿದ್ದೆವು. ವೀರ್ಯ ತೆಗೆದಿಡಿಸುವುದು ಒಂದೇ ಬೆಳಿಗ್ಗೆಯ ಕೆಲಸ. ವೀರ್ಯ ಕೊಟ್ಟರೆ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮೈನಸ್ 196 ಡಿಗ್ರಿ ತಣ್ಣಗೆ ವರ್ಷಗಟ್ಟಲೆ ಇಡುತ್ತಾರೆ. ಹತ್ತೊಂಬತ್ತರ ಹುಡುಗನ ಕೈಗೆ ಡಬ್ಬಿ ಕೊಟ್ಟು ಕಳಿಸಲು ನನಗೆ ನಾಚಿಕೆ ಆಗುತ್ತಿತ್ತು, ನಿಜ. ಆದರೂ ಕಳಿಸುತ್ತಿದ್ದೆ.

ಎಲ್ಲ ಕೀಮೋದಲ್ಲೂ ಹೀಗಾಗುವುದಿಲ್ಲ. ಕೆಲವರಿಗೆ ಒಂದೆರಡು ವರ್ಷದಲ್ಲಿ ಸರಿಹೋಗುತ್ತದೆ. ನನ್ನ ಮಗನಿಗೆ ಕೊಟ್ಟ ಐಫಾಸ್ಫಮೈಡ್, ಸೈಕ್ಲೋಫಾಸ್ಫಮೈಡ್‌ನಂಥ ಔಷಧಿಗಳು ಜಾಸ್ತಿ ಪ್ರಮಾಣದಲ್ಲಿ ಹೋದರೆ ವೀರ್ಯಾಣು, ಅಂಡಾಣು ಎರಡಕ್ಕೂ ಹೊಡೆತ. ಹೊಟ್ಟೆಯ ಕೆಳಭಾಗಕ್ಕೆ ಕೊಡುವ ರೇಡಿಯೇಷನ್ನೂ ಹಾಗೆಯೇ. ಇದು ಡಾಕ್ಟರುಗಳಿಗೆ ಹೊಸದಲ್ಲ. ಚಿಕಿತ್ಸೆಗೆ ಮುಂಚೆಯೇ ರೋಗಿಯ ಜೊತೆ ಈ ಮಾತಾಡಬೇಕು ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2006ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ನಮ್ಮ ಸರದಿ ಬಂದದ್ದು ಅದಾಗಿ ಹತ್ತು ವರ್ಷಕ್ಕೆ.

ಈ ವರ್ಷ ನಮ್ಮ ಬೀದಿಯ 26ರ ಹುಡುಗಿಗೆ ಸ್ತನ ಕ್ಯಾನ್ಸರ್ ಬಂತು. ಮದುವೆ ಆಗಿಲ್ಲ. ನಾನೂ ನನ್ನ ಹೆಂಡತಿಯೂ ಹೋಗಿ ನಮ್ಮ ಕಥೆ ಹೇಳಿದೆವು. "ಮೊದಲು ಜೀವ ಉಳಿಯಲಿ ಬಿಡಿ" ಅಂದರು ಅವಳ ತಾಯಿ. ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಕೇಳಿದರೆ ಜೀವ ಹೋಗಲ್ಲ ಅಲ್ವಾ? ಸಮಯ ಇದೆಯೋ ಇಲ್ಲವೋ ಡಾಕ್ಟರೇ ಹೇಳುತ್ತಾರೆ. ಕೆಲವು ರಕ್ತದ ಕ್ಯಾನ್ಸರುಗಳಲ್ಲಿ ಹೆಣ್ಣುಮಕ್ಕಳಿಗೆ ಅಂಡಾಣು ತೆಗೆದಿಡಲು ಬೇಕಾದಷ್ಟು ದಿನ ಸಿಗುವುದಿಲ್ಲ. ಇವಳಿಗೆ ಆಪರೇಷನ್ ಆಗಿ ಕೀಮೋಗೆ ಕೆಲವು ವಾರ ಇತ್ತು. ಮುಟ್ಟು ಬರುವ ತನಕ ಕಾಯಬೇಕಾಗಲಿಲ್ಲ. ಅಂಡಾಣು ಬೆಳೆಯಲು 11 ದಿನ ಇಂಜೆಕ್ಷನ್, ಜೊತೆಗೆ ಹಾರ್ಮೋನ್ ಏರದಂತೆ ಮಾತ್ರೆ. ಒಂಬತ್ತು ಅಂಡಾಣು ತೆಗೆದಿಟ್ಟರು. ಕೀಮೋ ಒಂದು ದಿನವೂ ತಡವಾಗಲಿಲ್ಲ. ಮುಂದೆ ಮಗು ಆಗೇ ಆಗುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಆದರೆ ಅವಳಿಗೆ ಒಂದು ದಾರಿ ಇದೆ. ಇನ್ನೂ ಮೈನೆರೆಯದ ಹುಡುಗಿಯರಿಗೂ ಅಂಡಾಶಯದ ತುಣುಕನ್ನು ತೆಗೆದಿಡುವ ದಾರಿ ಇದೆ. ಕೀಮೋಗೆ ಮುಂಚೆ ತೆಗೆದಿಟ್ಟಿದ್ದ ತುಣುಕನ್ನು ಮತ್ತೆ ಕೂರಿಸಿಕೊಂಡ ಹೆಂಗಸೊಬ್ಬಳು 2004ರಲ್ಲಿ ಬೆಲ್ಜಿಯಂನಲ್ಲಿ ಮಗು ಹೆತ್ತಳು.

ನಮ್ಮ ಬೀದಿಯ ಹುಡುಗಿಯ ಮನೆಯವರು ಅಂಡಾಣು ತೆಗೆದಿಡಲು ಒಂದೂವರೆ ಲಕ್ಷದ ಹತ್ತಿರ ಖರ್ಚು ಮಾಡಿದರು, ಒಡವೆ ಅಡವಿಟ್ಟು. ಆಯುಷ್ಮಾನ್ ಕಾರ್ಡಿನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಕೀಮೋ ಕೂಡ ಅದರಲ್ಲಿ ಬರುತ್ತದೆ. ಆದರೆ ಬಂಜೆತನದ ಚಿಕಿತ್ಸೆ ಯೋಜನೆಯ ಹೊರಗೆ. ಯೋಜನೆಯ ದುಡ್ಡಲ್ಲೇ ಕೊಟ್ಟ ಔಷಧಿಯಿಂದ ಆಗುವ ನಷ್ಟಕ್ಕೆ ಯೋಜನೆಯಲ್ಲೇ ಜಾಗ ಬೇಡವೇ? ಆರೋಗ್ಯ ಸಚಿವರು ದಯವಿಟ್ಟು ಇದನ್ನು ನೋಡಬೇಕು. ಇನ್ನೊಂದು ವಿಷಯ. ಕೃತಕ ಗರ್ಭಧಾರಣೆಯ ಸೇವೆಗಳ ಮೇಲಿನ 2021ರ ಎಆರ್‌ಟಿ ಕಾಯ್ದೆ ಇಂಥ ಸೇವೆ ಪಡೆಯಲು 21 ವರ್ಷ ದಾಟಿರಬೇಕು ಅನ್ನುತ್ತದೆ. ಕ್ಯಾನ್ಸರ್ ಬಂದು, ಬರೀ ಕೂಡಿಡಲು ಕೇಳುವ 17ರ ಹುಡುಗನಿಗೆ, 19ರ ಹುಡುಗಿಗೆ ಏನು ದಾರಿ ಅಂತ ಸರ್ಕಾರ ಬಿಡಿಸಿ ಹೇಳಬೇಕು.

ಆಸ್ಪತ್ರೆಗಳಲ್ಲಿ ನನ್ನದು ಒಂದೇ ಬೇಡಿಕೆ. ಕನ್ನಡದಲ್ಲಿ ಒಂದೇ ಒಂದು ಹಾಳೆ. ಈ ಔಷಧಿಯಿಂದ ಮುಂದೆ ಮಕ್ಕಳಾಗದೆ ಇರಬಹುದು, ಈಗಲೇ ಹೀಗೆ ಮಾಡಿಸಬಹುದು, ಇಲ್ಲಿಗೆ ಹೋಗಿ. ಮೊದಲ ಡ್ರಿಪ್ ಹಾಕುವ ಮುಂಚೆ ಯಾರಾದರೂ ಕೂತು ಅದನ್ನು ಓದಿ ಹೇಳಲಿ. ಅಪ್ಪ ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ, ಆ ಹುಡುಗ ಅಥವಾ ಹುಡುಗಿಯನ್ನೇ ಕೇಳಲಿ. ನಮ್ಮ ಎದುರು ಅವರು ಬಾಯಿ ಬಿಡುವುದಿಲ್ಲ.

ಕಡೂರಿನ ಹುಡುಗಿಗೆ ಮಗ ಎಲ್ಲ ಹೇಳಿದ್ದಾನೆ. ಅವಳು ಯೋಚಿಸಲು ಸಮಯ ಕೇಳಿದ್ದಾಳೆ. ಈ ಪತ್ರವನ್ನು ಅವನು ಓದಿ, ಎರಡು ಕಡೆ ತಿದ್ದಿ, ಕಳಿಸಿ ಅಂದ. ಹೆಸರು ಮಾತ್ರ ಬೇಡ ಅಂದಿದ್ದಾನೆ. ಊರು ಹಾಕಬಹುದು.

ಒಬ್ಬ ತಂದೆ, ಅರಸೀಕೆರೆ