ಆ ಗಿಟಾರ್ ಕೆಟ್ಟಿರಲಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ತುಮಕೂರಿನ ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಹುಡುಗನೊಬ್ಬ ಗಿಟಾರ್ ನುಡಿಸುತ್ತಾ, ಗಿಟಾರಿನ ಸ್ವರ ಬದಲಿಸುವ ಪುಟ್ಟ ಪೆಟ್ಟಿಗೆಯಂಥ ಪೆಡಲನ್ನು ಕಾಲಲ್ಲಿ ಒತ್ತಿದ. ಪುಟ್ಟ ಕೆಂಪು ದೀಪ ಹತ್ತಿತು, ಸ್ವರ ಗೊರಗೊರ ಅಂತ ದಪ್ಪವಾಯಿತು. ಅಷ್ಟರಲ್ಲಿ ಮೈಕ್‌ಸೆಟ್‌ನವರು ಸ್ಪೀಕರ್ ಹರಿದುಹೋಯ್ತು ಅಂದುಕೊಂಡು ಗಿಟಾರಿನ ಸೌಂಡನ್ನೇ ಪೂರ್ತಿ ಇಳಿಸಿಬಿಟ್ಟರು. ಹುಡುಗನ ಬೆರಳು ಓಡುತ್ತಲೇ ಇತ್ತು, ಏನೂ ಕೇಳಿಸಲಿಲ್ಲ. ತುಂಬಾ ಬೇಜಾರಾಯಿತು.

ಅದು ಬೇಕು ಅಂತಲೇ ಒಡೆಸಿದ ಸ್ವರ. ಆದರೆ ಮೈಕ್‌ಸೆಟ್‌ನವರನ್ನು ಬೈಯೋಕೂ ಮನಸ್ಸು ಬರಲಿಲ್ಲ, ಯಾಕಂದ್ರೆ ಈ ಸ್ವರ ಹುಟ್ಟಿದ್ದೇ ಕೆಟ್ಟ ಸಾಮಾನಿನಿಂದ. 1930ರ ದಶಕದಲ್ಲಿ ಗಿಟಾರಿಗೆ ಕರೆಂಟು ಸೇರಿದ್ದು ಡ್ರಮ್ಮು, ತುತ್ತೂರಿಗಳ ನಡುವೆ ಅದೂ ಕೇಳಿಸಲಿ ಅಂತ. ಆಗಿನ ಆಂಪ್ಲಿಫೈಯರ್‌ಗಳಲ್ಲಿ ಹಳೇ ರೇಡಿಯೊದಲ್ಲಿದ್ದಂಥ ವಾಲ್ವ್‌ಗಳೇ ಇದ್ದವು. ಸೌಂಡಿನ ತಿರುಗಣೆ ಜಾಸ್ತಿ ತಿರುಗಿಸಿದರೆ ವಾಲ್ವ್ ತಡೆಯಲಾರದೆ ಸ್ವರದ ಅಲೆಯ ನೆತ್ತಿ ಚಪ್ಪಟೆಯಾಗುತ್ತಿತ್ತು, ಹಾಗಾದಾಗ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನದ ಸ್ವರಗಳೂ ಎದ್ದು ಬರುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ದಾರ ಸಿಕ್ಕಿಸಿದಾಗ ಬರುವ ಝೇಂಕಾರ ಕೇಳಿದ್ದೀರಲ್ವಾ? ದಾರಿ ಬೇರೆ, ಆದರೆ ಒಂದೇ ತಂತಿಯಲ್ಲಿ ಹಲವು ಸ್ವರ ಕೇಳುವ ಸುಖ ಅಲ್ಲೂ ಇದೆ.

1951ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ‘ರಾಕೆಟ್ 88’ ಹಾಡಿನ ರೆಕಾರ್ಡಿಂಗಿಗೆ ಬಂದ ತಂಡದ ಆಂಪ್ಲಿಫೈಯರ್ ಹಾಳಾಗಿತ್ತು. ಸ್ಪೀಕರಿನೊಳಗೆ ಕಾಗದ ತುರುಕಿ ಹಾಗೇ ನುಡಿಸಿದರು, ಆ ಗೊಗ್ಗರು ಸೌಂಡೇ ಜನಕ್ಕೆ ಹಿಡಿಸಿತು! 1960ರ ದಶಕದ ಆರಂಭದಲ್ಲಿ ಅಮೆರಿಕದ್ದೇ ನ್ಯಾಶ್‌ವಿಲ್‌ನ ಒಂದು ಸ್ಟುಡಿಯೊದಲ್ಲಿ, ಎಲ್ಲ ಮೈಕುಗಳ ಸೌಂಡನ್ನು ಬೆರೆಸುವ ಮಿಕ್ಸರ್ ಕೆಟ್ಟು ಇಂಥದ್ದೇ ಸೌಂಡ್ ಬಂತು. ಅಲ್ಲಿನ ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಸರಿಮಾಡಿಸಿ ಸುಮ್ನೆ ಕೂರಲಿಲ್ಲ, ಆ ಸೌಂಡನ್ನೇ ಬೇಕೆಂದಾಗ ಬರಿಸುವ ಸರ್ಕ್ಯೂಟ್ ಮಾಡಿದರು. ಅದರಿಂದ 1962ರಲ್ಲಿ ಮ್ಯಾಸ್ಟ್ರೊ ಫಜ್-ಟೋನ್ ಪೆಡಲ್ ಬಂತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಗಿಟಾರ್ ವಾದಕ ಡೇವ್ ಡೇವಿಸ್ ಇಂಥ ಸೌಂಡಿಗಾಗಿ ಬ್ಲೇಡಿನಿಂದ ಸ್ಪೀಕರನ್ನೇ ಸೀಳಿದ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಅಮೆರಿಕದ ಫೆಂಡರ್ ಕಂಪನಿಯ ಆಂಪ್ಲಿಫೈಯರನ್ನು ಮಾದರಿ ಇಟ್ಟುಕೊಂಡು ತನ್ನದೇ ಆಂಪ್ಲಿಫೈಯರ್ ಮಾಡಿ, 1965ರ ಹೊತ್ತಿಗೆ 100 ವಾಟ್ಸ್‌ನದ್ದನ್ನೂ ಮಾಡಿದ.

ನಮ್ಮೂರಲ್ಲಿ ಆಗುತ್ತಿರುವ ತೊಂದರೆ ಚಿಕ್ಕದು. ಪೆಡಲಿನ ವೈರನ್ನು ನೇರವಾಗಿ ಮಿಕ್ಸರಿಗೆ ಚುಚ್ಚುತ್ತಾರೆ. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಕೀರಲು ಸೌಂಡನ್ನು ಸೋಸಿಬಿಡುತ್ತದೆ, ಮೈಕ್‌ಸೆಟ್ ಸ್ಪೀಕರ್ ಎಲ್ಲವನ್ನೂ ಹಾಗೇ ಹೊರಗೆ ಹಾಕುತ್ತದೆ, ಅದಕ್ಕೇ ಕಿವಿಗೆ ಸೂಜಿ ಚುಚ್ಚಿದಂತಾಗುವುದು. ಸ್ಟೇಜಿನ ಮೇಲೆ ಒಂದು ಸಣ್ಣ ಗಿಟಾರ್ ಆಂಪ್ಲಿಫೈಯರ್ ಇಟ್ಟು ಅದರ ಮುಂದೆ ಮೈಕ್ ಇಟ್ಟರೆ ಸಾಕು. ಸೌಂಡ್ ಜೋರು ಮಾಡೋದೂ ಬೇಡ. ಮೈಕ್‌ಸೆಟ್‌ನವರು ಕಾರ್ಯಕ್ರಮಕ್ಕೆ ಮುಂಚೆ ಹುಡುಗರನ್ನು ಹತ್ತು ನಿಮಿಷ ಕೂರಿಸಿ, ಯಾವ ಸೌಂಡ್ ಬೇಕು ಅಂತ ಕೇಳಿಕೊಳ್ಳಲಿ. ಆ ಹುಡುಗನಿಗೆ ಕಾಲೇಜಿನವರು ಇನ್ನೊಂದು ಸಲ ಸ್ಟೇಜ್ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ತುಮಕೂರು