ನೆಮ್ಮದಿ ನಿನ್ನೊಬ್ಬಳ ಹೊಣೆಯಲ್ಲ

ಉಡುಪಿ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕಚೇರಿಯಲ್ಲಿ ಮಾತಿಗೆ ಮಾತು ಬೆಳೆದು ನೀನು ಅತ್ತುಬಿಟ್ಟೆ, ಆಮೇಲೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಏನಾದರೂ ಆಯಿತೋ ಎಂದು ರಾತ್ರಿಯಿಡೀ ನಿದ್ದೆಗೆಟ್ಟೆ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಮೊದಲು ಆ ಹೆದರಿಕೆಯನ್ನು ಬಿಡು. ಒಂದು ದಿನದ ಅಳು, ಮಂಗಳೂರಿನ ಪಂಪ್‌ವೆಲ್‌ನ ವಾಹನಗಳ ನಡುವೆ ಸಿಕ್ಕಿಬಿದ್ದಾಗ ಬಂದ ಸಿಟ್ಟು, ಇಷ್ಟಕ್ಕೆಲ್ಲ ಮಗು ಕೆಡುವುದಿಲ್ಲ. ಕಳವಳವಾದಾಗ ನಮ್ಮ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ ನಿಜ. ಆದರೆ ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಇರುವ ಒಂದು ಕಿಣ್ವ ಅದರ ಬಹುಪಾಲನ್ನು ಮಗುವಿಗೆ ತಲುಪುವ ಮೊದಲೇ ನಿಷ್ಕ್ರಿಯಗೊಳಿಸುತ್ತದೆ. ವಾರಗಟ್ಟಲೆ ಬಿಡದೆ ಕಾಡುವ ಆತಂಕ, ಖಿನ್ನತೆಗಳ ಮಾತು ಬೇರೆ. ಅವುಗಳಿಗೆ ಚಿಕಿತ್ಸೆ ಇದೆ, ನಾಚಿಕೊಳ್ಳದೆ ಪಡೆಯಬೇಕು.

ಗರ್ಭಸಂಸ್ಕಾರದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಟ್ಟಿಗಳನ್ನು ಪರೀಕ್ಷೆಗೆ ಓದಿದಂತೆ ಪಾಲಿಸಬೇಡ. ಮಂತ್ರವೋ ಭಜನೆಯೋ ನಿನಗೆ ಹಿತವೆನಿಸಿದರೆ ಕೇಳು. ಬುದ್ಧಿವಂತ ಮಗು ಹುಟ್ಟಲೆಂದು ಹೊಟ್ಟೆಯ ಮೇಲೆ ಹೆಡ್‌ಫೋನ್ ಇಡುವುದು ಬೇಡವೇ ಬೇಡ. ಆರನೆಯ ತಿಂಗಳಿನ ಹೊತ್ತಿಗೆ ಮಗು ಶಬ್ದಗಳಿಗೆ ಸ್ಪಂದಿಸತೊಡಗುತ್ತದೆ, ಅದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುವುದು ನಿನ್ನದೇ ದನಿ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು ಹುಟ್ಟಿ ಮೂರು ದಿನವೂ ತುಂಬದ ಶಿಶುಗಳಿಗೆ ನಿಪ್ಪಲ್ ಚೀಪಲು ಕೊಟ್ಟು ನೋಡಿದರು. ಚೀಪುವ ಲಯಕ್ಕೆ ತಕ್ಕಂತೆ ತಾಯಿಯದೋ ಬೇರೆ ಹೆಂಗಸಿನದೋ ದನಿ ಕೇಳಿಸುತ್ತಿತ್ತು. ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಿಬರುವಂತೆ ಅವು ಚೀಪುವ ಲಯವನ್ನೇ ಬದಲಿಸಿಕೊಂಡವು! ಬಸಳೆ ಸೋಸುವಾಗ ತುಳುವಿನಲ್ಲೋ ಕನ್ನಡದಲ್ಲೋ ನೀನು ಆಡುವ ನಾಲ್ಕು ಮಾತು ಸಾಕು.

ಸಂಜೆ ಕೆಲಸದಿಂದ ಬಂದ ಕೂಡಲೇ ಅಡುಗೆಮನೆಗೆ ಹೋಗಬೇಡ. ಬೆನ್ನಿಗೆ ದಿಂಬು ಕೊಟ್ಟು ಕುಳಿತು ಹತ್ತು ನಿಮಿಷ ನಿಧಾನವಾಗಿ ಉಸಿರಾಡು, ಎಳೆದುಕೊಂಡದ್ದಕ್ಕಿಂತ ತುಸು ಹೆಚ್ಚು ಹೊತ್ತು ಹೊರಬಿಡು. ಎದೆಬಡಿತ ತಾನಾಗಿ ಇಳಿಯುತ್ತದೆ. ಉಸಿರು ಬಿಗಿಹಿಡಿಯುವುದು, ಕಪಾಲಭಾತಿ ಈಗ ಬೇಡ. ಮಳೆ ಬಿಟ್ಟಾಗ ಕದ್ರಿ ಪಾರ್ಕ್‌ನಲ್ಲಿ ಒಂದು ಸುತ್ತು ನಡೆ, ಆಟಿ ತಿಂಗಳ ಮಳೆ ಹಿಡಿದುಕೊಂಡರೆ ಮನೆಯ ಜಗಲಿಯೇ ಸಾಕು. ಏಳನೆಯ ತಿಂಗಳಿನಿಂದ ಮಗ್ಗುಲಾಗಿ ಮಲಗುವುದನ್ನು ರೂಢಿಸಿಕೋ.

ಶಾಂತಿಯೊಂದೇ ಮಿದುಳನ್ನು ಬೆಳೆಸುವುದಿಲ್ಲ ಎಂಬುದೂ ನೆನಪಿರಲಿ. ಗರ್ಭದ ಮೊದಲರ್ಧದಲ್ಲಿ ಮಗುವಿಗೆ ಮಿದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನು ಬರುವುದು ಹೆಚ್ಚಾಗಿ ತಾಯಿಯಿಂದಲೇ. ಆದ್ದರಿಂದ ಡಾಕ್ಟರು ಬರೆದುಕೊಟ್ಟ ಥೈರಾಯ್ಡ್ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಕೂಡದು. ಕಬ್ಬಿಣದ ಮಾತ್ರೆಯೂ ತಪ್ಪಬಾರದು, ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ.

ಈ ಪತ್ರವನ್ನು ಅಳಿಯಂದಿರಿಗೂ ಓದಲು ಕೊಡು. ಬಸುರಿಗೆ 'ಶಾಂತವಾಗಿರು' ಎಂದು ಹೇಳಿ ಟಿವಿ ಮುಂದೆ ಕುಳಿತರೆ ಏನು ಬಂತು? ರಾತ್ರಿಯ ಪಾತ್ರೆ ತೊಳೆಯುವುದು, ಡಾಕ್ಟರ ಬಳಿಗೆ ಜೊತೆಯಲ್ಲಿ ಬರುವುದು, ಮನೆಗೆ ಬಂದವರು ಗಂಡೋ ಹೆಣ್ಣೋ ಎಂದು ಕೆದಕಿದರೆ ಮಾತು ತಿರುಗಿಸುವುದು, ಇವು ಅವರ ಕೆಲಸ. ಎರಡು ವಾರ ಕಳೆದರೂ ನಿದ್ದೆ ಹತ್ತದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಹೋದರೆ ಡಾಕ್ಟರಿಗೆ ತಿಳಿಸಬೇಕಾದವರೂ ನೀವಿಬ್ಬರೇ. ನಡುರಾತ್ರಿ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡು. ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ.

ಬಯಕೆಯ ಶಾಸ್ತ್ರಕ್ಕೆ ಯಾರನ್ನೆಲ್ಲ ಕರೆಯಬೇಕೆಂಬ ತಲೆಬಿಸಿ ನಿನಗೆ ಬೇಡ. ನಿನ್ನ ಅತ್ತೆಯವರೊಡನೆ ನಾನೇ ಮಾತನಾಡಿದ್ದೇನೆ. ಮನೆಮಂದಿ ಸಾಕು, ಶಾಸ್ತ್ರ ಬೇಗ ಮುಗಿಯಲಿ, ನಿನಗೆ ಒರಗಿ ಕೂರಲು ಕುರ್ಚಿ ಇರಲಿ ಎಂದೆ, ಅವರೂ ಒಪ್ಪಿದರು. ಶನಿವಾರ ಬರುತ್ತೇನೆ. ಏನು ತಿನ್ನಬೇಕೆನಿಸುತ್ತದೆ ಎಂದು ಮೊದಲೇ ಹೇಳು, ಮಾಡಿಕೊಂಡು ಬರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ